ಪಾರ್ಕಿಂಗ್ ಜಾಗದಲ್ಲಿ ಸಣ್ಣ ಡಿಕ್ಕಿ, ತಪ್ಪು ಯಾರದೆಂದು ವಿವಾದ: ಪೊಲೀಸರ ಮುಂದೆ ಹೇಳಿಕೆ ಕೊಡುವುದು ಹೇಗೆ?

ಪ್ರಶ್ನೆ (ನೀಲಿ ಕಾರಿನವನು)

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ ಸಂಜೆ ಒಂದು ಬಹುಮಹಡಿ ಪಾರ್ಕಿಂಗ್ ಕಟ್ಟಡದ ಎರಡನೆಯ ಅಂತಸ್ತಿನಲ್ಲಿ ನನ್ನ ಕಾರಿಗೂ ಇನ್ನೊಬ್ಬರ ಕಾರಿಗೂ ಡಿಕ್ಕಿಯಾಯಿತು. ನಾನು ಎರಡು ಸಾಲುಗಳ ನಡುವಿನ ದಾರಿಯಲ್ಲಿ ಹೊರಬಾಗಿಲಿನ ಕಡೆಗೆ ನಿಧಾನವಾಗಿ ಬರುತ್ತಿದ್ದೆ. ಎಡಗಡೆಯ ಸಾಲಿನಿಂದ ಒಂದು ಬಿಳಿ ಕಾರು ಹಿಮ್ಮುಖವಾಗಿ ಹೊರಬರುವುದು ಕಂಡಿತು, ನಾನು ಬ್ರೇಕ್ ಒತ್ತಿ ನಿಂತೆ. ಅದು ಮಾತ್ರ ನಿಲ್ಲದೆ ಬಂದು, ಅದರ ಹಿಂದಿನ ಬಂಪರಿನ ಮೂಲೆ ನನ್ನ ಕಾರಿನ ಎಡಭಾಗದ ಮುಂಚಕ್ರಕ್ಕೂ ಅದರ ಮೇಲಿನ ತಗಡಿಗೂ ಉಜ್ಜಿತು. ಯಾರಿಗೂ ಪೆಟ್ಟಾಗಿಲ್ಲ. ಎರಡೂ ಕಾರುಗಳು ಓಡುವ ಸ್ಥಿತಿಯಲ್ಲಿಯೇ ಇದ್ದವು.

ಆ ಕಾರಿನ ಚಾಲಕರು ಹೇಳುವುದು ಇದಕ್ಕೆ ತದ್ವಿರುದ್ಧವಾಗಿದೆ. ತಾವು ಅರ್ಧ ಹೊರಬಂದು ನಿಂತಿದ್ದಾಗ ನಾನೇ ಆತುರದಿಂದ ಪಕ್ಕದಲ್ಲಿ ನುಗ್ಗಿಸಿಕೊಂಡು ಹೋಗಲು ನೋಡಿದೆ ಎನ್ನುತ್ತಾರೆ. ಹಿಂದೆ ನಿಂತಿದ್ದ ವಾಹನಗಳವರು ಹಾರ್ನ್ ಬಾರಿಸುತ್ತಿದ್ದುದರಿಂದ ನಾನು ನನ್ನ ಫೋನ್ ಸಂಖ್ಯೆಯನ್ನಷ್ಟೇ ಕೊಟ್ಟು ಹೊರಟುಬಿಟ್ಟೆ. ಈಗ ಅವರು ಪೊಲೀಸರಿಗೆ ದೂರು ಕೊಟ್ಟಿದ್ದಾರೆ. ಡಿಕ್ಕಿ ಹೊಡೆದದ್ದು ಮಾತ್ರವಲ್ಲ, ಪೂರ್ತಿ ವಿವರ ಕೊಡದೆ ಸ್ಥಳದಿಂದ ಹೋದೆ ಎಂಬುದೂ ಅದರಲ್ಲಿದೆಯಂತೆ. ಠಾಣೆಯಿಂದ ಕರೆ ಬಂದಿತ್ತು. ಮಾತನಾಡಿದ ಅಧಿಕಾರಿ ಸೌಜನ್ಯದಿಂದಲೇ ಮಾತನಾಡಿದರು, ಬಂದು ಹೇಳಿಕೆ ಕೊಡಿ ಎಂದರು, ಸಾಧ್ಯವಾದರೆ ಇಬ್ಬರೂ ಕುಳಿತು ಮಾತಾಡಿಕೊಳ್ಳಿ ಎಂದೂ ಹೇಳಿದರು.

ಜೀವನದಲ್ಲಿ ಒಮ್ಮೆಯೂ ಠಾಣೆಯ ಮೆಟ್ಟಿಲು ಹತ್ತಿದವನಲ್ಲ, ಎರಡು ರಾತ್ರಿಯಿಂದ ಸರಿಯಾಗಿ ನಿದ್ದೆ ಬಂದಿಲ್ಲ. ಹೇಳಿಕೆಯಲ್ಲಿ ಏನು ಹೇಳಬೇಕು, ಏನು ಹೇಳಬಾರದು? ಮಾತಾಡಿಕೊಳ್ಳಲು ಒಪ್ಪಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆಯೇ? ಅವರ ಕಾರಿನಲ್ಲಿದ್ದ ಒಬ್ಬ ಪ್ರಯಾಣಿಕರನ್ನು ಬಿಟ್ಟರೆ ಬೇರೆ ಸಾಕ್ಷಿಗಳಿಲ್ಲ. ನಾನು ನಿಂತಿದ್ದೆ ಎಂಬುದು ಮಾತ್ರ ನನಗೆ ನೂರಕ್ಕೆ ನೂರು ಖಚಿತವಾಗಿದೆ.

ಉತ್ತರ 1 (ನಿವೃತ್ತ ತನಿಖಾಧಿಕಾರಿ)

ಮೊದಲಿಗೆ ಸಮಾಧಾನ ಮಾಡಿಕೊಳ್ಳಿ. ಯಾರಿಗೂ ಗಾಯವಾಗದ ಇಂಥ ಪ್ರಕರಣಗಳಲ್ಲಿ ಹೇಳಿಕೆಗೆ ಕರೆಯುವುದೆಂದರೆ ಆರೋಪ ಹೊರಿಸುವುದೆಂದು ಅರ್ಥವಲ್ಲ. ಒಬ್ಬರ ಮಾತನ್ನು ಬರೆದುಕೊಂಡಾಗಿದೆ, ಇನ್ನೊಬ್ಬರ ಮಾತನ್ನು ಕೇಳದೆ ಕಡತ ಮುಗಿಯುವುದಿಲ್ಲ, ಅಷ್ಟೆ. ಆದ್ದರಿಂದ ಹೋಗುವುದನ್ನು ಮುಂದೂಡಬೇಡಿ. ಕರೆದ ಅಧಿಕಾರಿಯ ಹೆಸರು, ದೂರಿನ ಸಂಖ್ಯೆ, ಹೋಗಬೇಕಾದ ದಿನ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳಿ. ಚಾಲನಾ ಪರವಾನಗಿ, ವಾಹನದ ನೋಂದಣಿ ಪತ್ರ, ವಿಮೆಯ ಪತ್ರ ಇವುಗಳ ಮೂಲವನ್ನೂ ನಕಲನ್ನೂ ಒಯ್ಯಿರಿ. ಹೋಗುವ ಮೊದಲೇ ವಿಮಾ ಕಂಪನಿಗೆ ವಿಷಯ ತಿಳಿಸಿ, ಏಕೆಂದರೆ ತಡವಾಗಿ ತಿಳಿಸುವುದನ್ನೂ ಅವರ ಒಪ್ಪಿಗೆಯಿಲ್ಲದೆ ಹೊಣೆ ಒಪ್ಪಿಕೊಳ್ಳುವುದನ್ನೂ ಹೆಚ್ಚಿನ ಪಾಲಿಸಿಗಳು ಷರತ್ತಿನ ಉಲ್ಲಂಘನೆಯೆಂದು ಎಣಿಸುತ್ತವೆ.

ಪೊಲೀಸರ ಕೆಲಸ ಯಾವುದು, ಯಾವುದಲ್ಲ ಎಂಬುದನ್ನು ಬೇರ್ಪಡಿಸಿ ನೋಡಿದರೆ ನಿಮ್ಮ ಅರ್ಧ ಭಯ ಇಳಿಯುತ್ತದೆ. ಅಜಾಗರೂಕ ಚಾಲನೆ, ಮದ್ಯಪಾನ, ವಿವರ ಕೊಡದೆ ಹೊರಟುಹೋಗುವುದು ಇಂಥ ಅಪರಾಧವೇನಾದರೂ ನಡೆದಿದೆಯೇ ಎಂದು ಅವರು ನೋಡುತ್ತಾರೆ. ತಗಡು ನೇರಮಾಡಿಸುವ ಖರ್ಚನ್ನು ಯಾರು ಕೊಡಬೇಕು ಎಂಬುದು ಸಾಮಾನ್ಯವಾಗಿ ಎರಡು ವಿಮಾ ಕಂಪನಿಗಳ ನಡುವಿನ ಅಥವಾ ಸಿವಿಲ್ ನ್ಯಾಯಾಲಯದ ವಿಷಯ. ತಪ್ಪು ನನ್ನದಲ್ಲವೆಂದು ಬರೆದುಕೊಡಿ ಎಂದು ಅಧಿಕಾರಿಯನ್ನು ಒತ್ತಾಯಿಸಿ ಪ್ರಯೋಜನವಿಲ್ಲ, ಅದು ಅವರ ಕೈಯಲ್ಲಿಲ್ಲ. ಪಾರ್ಕಿಂಗ್ ಜಾಗ ಖಾಸಗಿಯಾಗಿದ್ದರೆ ರಸ್ತೆಯ ನಿಯಮಗಳಲ್ಲಿ ಯಾವುವು ಅಲ್ಲಿಗೆ ಅನ್ವಯಿಸುತ್ತವೆ ಎಂಬುದು ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಆದರೆ ಖಾಸಗಿ ಜಾಗವೆಂದ ಮಾತ್ರಕ್ಕೆ ಪೊಲೀಸರಿಗೆ ಸಂಬಂಧವೇ ಇಲ್ಲವೆಂದು ವಾದಿಸಲು ಹೋಗಬೇಡಿ, ಸಾರ್ವಜನಿಕರು ಬಂದುಹೋಗುವ ಜಾಗವನ್ನು ಅನೇಕ ಕಾನೂನುಗಳು ಸಾರ್ವಜನಿಕ ಸ್ಥಳವೆಂದೇ ಪರಿಗಣಿಸುತ್ತವೆ.

ಸ್ಥಳದಿಂದ ಹೋದ ವಿಷಯವೇ ನಿಮ್ಮ ಪ್ರಕರಣದಲ್ಲಿ ಹೆಚ್ಚು ಸೂಕ್ಷ್ಮವಾದದ್ದು. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 31ನೆಯ ವಿಧಿ, ಅಪಘಾತದಲ್ಲಿ ಭಾಗಿಯಾದ ಚಾಲಕ ನಿಲ್ಲಬೇಕು, ಎದುರಿನವರು ಕೇಳಿದರೆ ತಾನು ಯಾರೆಂದು ತಿಳಿಸಬೇಕು ಎನ್ನುತ್ತದೆ. ನಷ್ಟಕ್ಕೊಳಗಾದವರು ಸ್ಥಳದಲ್ಲಿ ಇಲ್ಲದಿದ್ದರೂ ಹೆಸರು ಮತ್ತು ವಿಳಾಸವನ್ನು ನೇರವಾಗಿಯೋ ಪೊಲೀಸರ ಮೂಲಕವೋ ಬೇಗ ತಲುಪಿಸಬೇಕು ಎಂಬುದೂ ಅದೇ ವಿಧಿಯಲ್ಲಿದೆ. ಆ ಒಪ್ಪಂದಕ್ಕೆ ಸೇರದ ದೇಶಗಳ ಕಾನೂನಿನಲ್ಲಿಯೂ ಇದೇ ಬಗೆಯ ಕರ್ತವ್ಯ ಇರುತ್ತದೆ. ನೀವು ನಿಂತಿದ್ದೀರಿ, ಮಾತನಾಡಿದ್ದೀರಿ, ಸಂಖ್ಯೆ ಕೊಟ್ಟಿದ್ದೀರಿ, ಅಂದರೆ ಪರಾರಿಯಾದವರ ವರ್ತನೆ ನಿಮ್ಮದಲ್ಲ. ಆದರೂ ಕೊಟ್ಟ ವಿವರ ಅಪೂರ್ಣವಾಗಿತ್ತು ಎಂಬುದು ನಿಜವೇ. ಇವತ್ತೇ ಬಿಳಿ ಕಾರಿನವರಿಗೆ ನಿಮ್ಮ ಹೆಸರು, ವಿಳಾಸ, ವಾಹನ ಸಂಖ್ಯೆ, ವಿಮಾ ವಿವರಗಳನ್ನು ಲಿಖಿತವಾಗಿ ಕಳುಹಿಸಿ, ಕಳುಹಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ಆ ಸಂದೇಶದಲ್ಲಿ ಡಿಕ್ಕಿ ಹೇಗಾಯಿತು ಎಂಬ ವಾದವನ್ನು ಒಂದು ಸಾಲಿನಷ್ಟೂ ಸೇರಿಸಬೇಡಿ.

ಈಗ ಹೇಳಿಕೆಯ ವಿಷಯಕ್ಕೆ ಬರುತ್ತೇನೆ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ನನ್ನ ಸೇವೆಯಲ್ಲಿ ಜನ ತಮ್ಮ ಸತ್ಯವಾದ ಪ್ರಕರಣವನ್ನು ತಾವೇ ಕೆಡಿಸಿಕೊಂಡದ್ದನ್ನು ಹೆಚ್ಚಾಗಿ ಕಂಡದ್ದು ಇಲ್ಲಿಯೇ. ನೀವು ಕಂಡದ್ದನ್ನು ಹೇಳಿ, ಅದರಿಂದ ಊಹಿಸಿದ್ದನ್ನು ಹೇಳಬೇಡಿ. ‘ಅವರು ಹಿಂದೆ ನೋಡದೆ ಬಂದರು’ ಎಂಬುದು ನಿಮ್ಮ ಊಹೆ. ‘ಬಿಳಿ ಕಾರಿನ ಹಿಂಬದಿಯ ಬಿಳಿ ದೀಪ ಉರಿಯುತ್ತಿತ್ತು, ಅದು ನನ್ನ ಕಡೆಗೆ ಚಲಿಸುತ್ತಿತ್ತು’ ಎಂಬುದು ನೀವು ಕಂಡದ್ದು. ಅವರು ಸುಳ್ಳುಗಾರರು ಎಂಬ ಮಾತು ಹೇಳಿಕೆಯಲ್ಲಿ ಎಲ್ಲಿಯೂ ಬರಬಾರದು. ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಹೇಳಿ, ಅದರಿಂದ ಹೇಳಿಕೆಯ ತೂಕ ಕಡಿಮೆಯಾಗುವುದಿಲ್ಲ. ಬರೆದದ್ದನ್ನು ಪೂರ್ತಿ ಓದಿ ಅಥವಾ ಓದಿಸಿ ಕೇಳಿ, ಒಂದೇ ಪದ ತಪ್ಪಿದ್ದರೂ ತಿದ್ದಿಸಿ, ಆಮೇಲೆ ಸಹಿ ಮಾಡಿ. ಸಹಿ ಮಾಡಿದ್ದರ ಪ್ರತಿಯನ್ನು ಕೇಳಿ. ಪ್ರಶ್ನೆಗಳು ಅಪರಾಧದ ಕಡೆಗೆ ತಿರುಗುತ್ತಿವೆ ಎನ್ನಿಸಿದರೆ ವಕೀಲರೊಡನೆ ಮಾತನಾಡಿ ಬರುತ್ತೇನೆ ಎಂದು ವಿನಯದಿಂದ ಹೇಳಲು ಹಿಂಜರಿಯಬೇಡಿ.

‘ನೂರಕ್ಕೆ ನೂರು ಖಚಿತ’ ಎಂದು ಬರೆದಿದ್ದೀರಿ, ಆ ಮಾತಿನ ಬಗ್ಗೆ ಎಚ್ಚರಿಕೆಯಿರಲಿ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಗೆ ಕಾರು ಡಿಕ್ಕಿಯ ಚಲನಚಿತ್ರ ತುಣುಕುಗಳನ್ನು ತೋರಿಸಿ ವೇಗ ಎಷ್ಟಿತ್ತೆಂದು ಕೇಳಿದರು. ಕಾರುಗಳು ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಎಂದರು. ಅದೇ ತುಣುಕುಗಳನ್ನು ನೋಡಿ, ‘ತಾಗಿದಾಗ’ ಎಂದು ಕೇಳಿಸಿಕೊಂಡವರು ಸುಮಾರು 32 ಮೈಲಿ ಎಂದರು. ಕಣ್ಣಾರೆ ಕಂಡವರ ನೆನಪು ಪ್ರಶ್ನೆಯ ಒಂದು ಪದದಿಂದಲೇ ಅಷ್ಟು ಬದಲಾಗುವುದಾದರೆ, ಎರಡು ರಾತ್ರಿ ಎಚ್ಚರವಿದ್ದು ಅದೇ ಘಟನೆಯನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಓಡಿಸಿಕೊಂಡವರ ನೆನಪು ಎಷ್ಟು ಬದಲಾಗಿರಬಹುದು, ಯೋಚಿಸಿ. ಠಾಣೆಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಘಟನೆಯನ್ನು ಕ್ರಮವಾಗಿ ಬರೆದು, ನಕ್ಷೆ ಹಾಕಿ, ದಿನಾಂಕ ನಮೂದಿಸಿ ಇಟ್ಟುಕೊಳ್ಳಿ.

ಉತ್ತರ 2 (ವಾಹನ ನಷ್ಟ ಸಮೀಕ್ಷಕ)

ಮೇಲಿನ ಹಿರಿಯರು ಹೇಳಿದ್ದೆಲ್ಲ ಸರಿ. ನನ್ನ ವೃತ್ತಿಯ ಕಡೆಯಿಂದ ಒಂದೆರಡು ವಿಷಯ ಸೇರಿಸುತ್ತೇನೆ. ದಯವಿಟ್ಟು ಕಾರನ್ನು ತೊಳೆಸಬೇಡಿ, ಗೀರುಗಳನ್ನು ಉಜ್ಜಿ ನೋಡಬೇಡಿ, ವಿಮಾ ಕಂಪನಿಯ ಸಮೀಕ್ಷೆ ಮುಗಿಯುವ ಮೊದಲು ರಿಪೇರಿಗೂ ಬಿಡಬೇಡಿ. ಹಗಲ ಬೆಳಕಿನಲ್ಲಿ ದೂರದಿಂದಲೂ ಹತ್ತಿರದಿಂದಲೂ ಫೋಟೊ ತೆಗೆಯಿರಿ, ಗೀರಿನ ಪಕ್ಕದಲ್ಲಿ ಅಳತೆ ಪಟ್ಟಿಯನ್ನು ನೆಲದಿಂದ ನೇರವಾಗಿ ಹಿಡಿದು ಎತ್ತರ ಕಾಣುವಂತೆ ತೆಗೆಯಿರಿ.

ತಗಡಿನ ಮೇಲಿನ ಗೀರು ಎರಡು ವಾಹನಗಳ ಪರಸ್ಪರ ಚಲನೆಯನ್ನು ತೋರಿಸುತ್ತದೆಯೇ ಹೊರತು ಅವುಗಳಲ್ಲಿ ಯಾವುದು ನಿಂತಿತ್ತು ಎಂಬುದನ್ನು ತಾನಾಗಿಯೇ ಹೇಳುವುದಿಲ್ಲ. ನಿಂತ ಕಾರಿಗೆ ಇನ್ನೊಂದು ಉಜ್ಜಿದರೂ, ನಿಂತ ಕಾರನ್ನು ನಾವು ಉಜ್ಜಿಕೊಂಡು ಹೋದರೂ ತಗಡಿನ ಮೇಲೆ ಉಳಿಯುವ ಗುರುತು ಒಂದೇ ಬಗೆಯದಾಗಿರಬಹುದು. ಇದನ್ನು ತಿಳಿಯದೆ ಎರಡೂ ಕಡೆಯವರು ಒಂದೇ ಫೋಟೊವನ್ನು ತಮ್ಮ ತಮ್ಮ ಸಾಕ್ಷ್ಯವೆಂದು ತೋರಿಸುತ್ತಾರೆ. ಆದರೆ ನಿಮ್ಮ ಪ್ರಕರಣದಲ್ಲಿ ಚಕ್ರಕ್ಕೂ ಉಜ್ಜಿದೆ ಎಂದಿದ್ದೀರಿ, ಅದು ಬಹಳ ಬೆಲೆಯುಳ್ಳ ವಿವರ. ಚಕ್ರ ನಿಂತಿದ್ದರೆ ಅದರ ಮೇಲಿನ ಗೀರು ಒಂದು ದಿಕ್ಕಿನಲ್ಲಿ ನೇರವಾಗಿ ಹಾದುಹೋಗುತ್ತದೆ. ಚಕ್ರ ಉರುಳುತ್ತಿದ್ದರೆ ಗೀರು ಬಾಗಿ, ಅಂಚನ್ನು ಅನುಸರಿಸಿ ಬಿಲ್ಲಿನಂತೆ ಬೀಳುತ್ತದೆ. ಹೋಗಿ ಚಕ್ರವನ್ನು ನೋಡಿ, ಫೋಟೊ ತೆಗೆದಿಡಿ.

ನಿಮ್ಮ ಕಾರಿನಲ್ಲಿ ಡ್ಯಾಶ್‌ಕ್ಯಾಮ್ (ಮುಂದಿನ ದಾರಿಯನ್ನು ಚಿತ್ರೀಕರಿಸುವ ಕ್ಯಾಮೆರಾ) ಇದೆಯೇ? ಇದ್ದರೆ ಮೆಮೊರಿ ಕಾರ್ಡನ್ನು ಈಗಲೇ ಹೊರತೆಗೆಯಿರಿ, ಅದು ಹಳೆಯದರ ಮೇಲೆ ಹೊಸದನ್ನು ಬರೆಯುತ್ತಲೇ ಇರುತ್ತದೆ. ಕಟ್ಟಡದ ಸಿಸಿಟಿವಿಯೂ ಹಾಗೆಯೇ ಅಳಿಸಿಹೋಗುತ್ತದೆ, ಕೆಲವು ಕಡೆ ಕೆಲವೇ ದಿನಗಳಲ್ಲಿ. ನಿರ್ವಹಣೆಯವರಿಗೆ ದಿನಾಂಕ, ವೇಳೆ, ಅಂತಸ್ತು, ಕಂಬದ ಸಂಖ್ಯೆ ಇವನ್ನು ನಮೂದಿಸಿ ಲಿಖಿತ ಮನವಿ ಕೊಡಿ. ಇತರರ ಮುಖಗಳೂ ಅದರಲ್ಲಿರುವುದರಿಂದ ನಿಮ್ಮ ಕೈಗೆ ಕೊಡಲು ಒಪ್ಪದಿರಬಹುದು. ಆಗ ಅಳಿಸದೆ ಕಾಪಿಡಿ ಎಂದು ಕೇಳಿ, ಆ ಮನವಿಯ ಪ್ರತಿಯನ್ನು ತನಿಖಾಧಿಕಾರಿಗೂ ಕೊಡಿ, ಅವರು ತರಿಸಿಕೊಳ್ಳಬಲ್ಲರು. ಕ್ಯಾಮೆರಾದ ಗಡಿಯಾರ ನಿಜವಾದ ಸಮಯಕ್ಕಿಂತ ಹಿಂದುಮುಂದಾಗಿರುವುದು ಸಾಮಾನ್ಯ, ಆದ್ದರಿಂದ ಹೇಳಿದ ವೇಳೆಯ ಆಚೀಚೆ ಅರ್ಧ ಗಂಟೆಯದನ್ನು ಉಳಿಸಲು ಹೇಳಿ.

ಉತ್ತರ 3 (ಹಳೆಯ ಸದಸ್ಯೆ)

ಮಾತಾಡಿಕೊಳ್ಳುವ ಬಗ್ಗೆ ಕೇಳಿದ್ದೀರಿ. ಸಣ್ಣ ನಷ್ಟಕ್ಕೆ ಅದು ಒಳ್ಳೆಯ ದಾರಿಯೇ, ನಾನೂ ಒಮ್ಮೆ ಅದನ್ನೇ ಹಿಡಿದೆ. ಆದರೆ ಬಾಯಿಮಾತಿನಲ್ಲಿ ಮುಗಿಸಿದೆ, ಬರವಣಿಗೆಯಲ್ಲಿ ಏನನ್ನೂ ಪಡೆಯಲಿಲ್ಲ. ಮೂರು ವಾರಗಳ ನಂತರ ಎದುರಿನ ಕಡೆಯವರು ಕುತ್ತಿಗೆ ನೋವೆಂದು ಹೇಳಿ ಮತ್ತೆ ಹಣ ಕೇಳಿದರು. ಅಂಥ ನೋವು ಡಿಕ್ಕಿಯಾದ ತಕ್ಷಣ ಕಾಣದೆ ಗಂಟೆಗಳ ನಂತರ ಕಾಣಿಸಿಕೊಳ್ಳುವುದು ನಿಜ, ಹಾಗಾಗಿ ಅವರು ಸುಳ್ಳು ಹೇಳಿದರು ಎಂದು ನಾನು ಹೇಳಲಾರೆ. ನನ್ನ ಬಳಿ ಮಾತ್ರ ತೋರಿಸಲು ಒಂದು ಚೂರು ಕಾಗದವೂ ಇರಲಿಲ್ಲ. ನೀವು ರಾಜಿಗೆ ಒಪ್ಪುವುದಾದರೆ ವಿಮಾ ಕಂಪನಿಯನ್ನು ಕೇಳಿಯೇ ಒಪ್ಪಿ. ಹೊಣೆಯನ್ನು ಒಪ್ಪಿಕೊಳ್ಳದೆ ಇಷ್ಟು ಮೊತ್ತಕ್ಕೆ ವಾಹನದ ನಷ್ಟದ ವಿವಾದ ಪೂರ್ತಿಯಾಗಿ ಮುಗಿದಿದೆ ಎಂದು ಬರೆಸಿ, ಇಬ್ಬರೂ ಸಹಿ ಮಾಡಿ, ದೂರು ಹಿಂಪಡೆದ ಪತ್ರದ ಪ್ರತಿಯನ್ನೂ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ (ನೀಲಿ ಕಾರಿನವನು)

ನಿಮ್ಮೆಲ್ಲರ ಉತ್ತರಗಳಿಗೆ ಹೃತ್ಪೂರ್ವಕ ಕೃತಜ್ಞತೆಗಳು. ಒಂದು ತಪ್ಪು ಮಾಡಿದೆ. ಎರಡನೆಯ ಉತ್ತರ ಬರುವ ಮೊದಲೇ, ಸೋಮವಾರ ಬೆಳಿಗ್ಗೆ, ಠಾಣೆಗೆ ಹೋಗಿ ಹೇಳಿಕೆ ಕೊಟ್ಟುಬಂದೆ. ಹಿರಿಯರು ಹೇಳಿದಂತೆ ಊಹೆಗಳನ್ನು ಬಿಟ್ಟೆ, ಆದರೆ ‘ನನ್ನ ಕಾರು ಸಂಪೂರ್ಣವಾಗಿ ನಿಂತಿತ್ತು’ ಎಂದು ಬರೆಸಿದೆ. ಮನೆಗೆ ಬಂದು ಸಮೀಕ್ಷಕರ ಮಾತು ಓದಿ ಚಕ್ರದ ಬಳಿ ಕುಳಿತು ನೋಡಿದೆ. ಗೀರುಗಳು ನೇರವಾಗಿಲ್ಲ. ಎರಡು ಮೂರು ಗೀರುಗಳು ಅಂಚಿನುದ್ದಕ್ಕೂ ಬಾಗಿವೆ.

ಬಹಳ ಹೊತ್ತು ಅಲ್ಲಿಯೇ ಕುಳಿತಿದ್ದೆ. ಬ್ರೇಕ್ ಒತ್ತಿದ್ದು ನಿಜ, ಅದು ಕಾಲಿಗೇ ನೆನಪಿದೆ. ಆದರೆ ಕಾರು ನಿಲ್ಲುವ ಮೊದಲೇ ತಾಗಿರಬೇಕು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿಯೂ ಒಂದು ಸೆಕೆಂಡಿಗೆ 1.4 ಮೀಟರಿನಷ್ಟು ಮುಂದೆ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಅವರು ಹಿಮ್ಮುಖವಾಗಿ ಬರುತ್ತಿದ್ದರು ಎಂಬುದರಲ್ಲಿ ಈಗಲೂ ನನಗೆ ಸಂದೇಹವಿಲ್ಲ. ನಾನು ನಿಂತಿದ್ದೆ ಎಂಬುದು ಮಾತ್ರ ಉಳಿಯುವುದಿಲ್ಲ. ಡ್ಯಾಶ್‌ಕ್ಯಾಮ್ ನನ್ನಲ್ಲಿಲ್ಲ. ಸಿಸಿಟಿವಿಗೆ ಮನವಿ ಕೊಟ್ಟಿದ್ದೇನೆ. ಈಗ ಹೇಳಿಕೆಯನ್ನು ತಿದ್ದಿಸಲು ಹೋದರೆ ಸುಳ್ಳು ಹೇಳಿದವನೆಂದು ತಿಳಿಯುತ್ತಾರೆಯೇ? ಸುಮ್ಮನಿದ್ದರೆ ಯಾರಿಗೂ ಗೊತ್ತಾಗದಿರಬಹುದು ಎಂಬ ಯೋಚನೆಯೂ ಬಂದಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಉತ್ತರ 4 (ನಿವೃತ್ತ ತನಿಖಾಧಿಕಾರಿ)

ನಾಳೆಯೇ ಹೋಗಿ. ತಾನಾಗಿಯೇ ಬಂದು ತಿದ್ದುವವನನ್ನೂ, ಸಿಸಿಟಿವಿ ತೋರಿಸಿದ ಮೇಲೆ ಮಾತು ಬದಲಿಸುವವನನ್ನೂ ಅಧಿಕಾರಿಗಳು ಒಂದೇ ರೀತಿ ನೋಡುವುದಿಲ್ಲ. ಮೊದಲ ಹೇಳಿಕೆಯನ್ನು ಹರಿದುಹಾಕಿ ಎಂದು ಕೇಳಬೇಡಿ, ಅದು ಆಗದ ಕೆಲಸ. ಹೆಚ್ಚುವರಿ ಹೇಳಿಕೆ ಕೊಡುತ್ತೇನೆ ಎನ್ನಿ. ಅದರಲ್ಲಿ, ‘ಬ್ರೇಕ್ ಒತ್ತಿದ್ದೆ, ನಿಂತಿದ್ದೆನೆಂದು ನಂಬಿದ್ದೆ, ಚಕ್ರದ ಗುರುತುಗಳನ್ನು ಕಂಡ ಮೇಲೆ ಕಾರು ಇನ್ನೂ ನಿಧಾನವಾಗಿ ಚಲಿಸುತ್ತಿದ್ದಿರಬೇಕು ಎನ್ನಿಸುತ್ತದೆ’ ಎಂದು ಇದ್ದದ್ದನ್ನು ಇದ್ದಂತೆ ಹೇಳಿ, ಚಕ್ರದ ಫೋಟೊಗಳನ್ನೂ ಕೊಡಿ. ವಿಮಾ ಕಂಪನಿಗೂ ಅದೇ ಮಾತನ್ನು ಅದೇ ದಿನ ತಿಳಿಸಿ, ಎರಡು ಕಡೆ ಎರಡು ಕಥೆ ಇರಬಾರದು.

ಇದರಿಂದ ನಿಮ್ಮ ಪ್ರಕರಣ ಬಿದ್ದುಹೋಯಿತು ಎಂದು ತಿಳಿಯಬೇಡಿ. ನಾನು ಹಿಂದೆ ಹೇಳಿದ ಒಪ್ಪಂದದ 14ನೆಯ ವಿಧಿ, ಹಿಮ್ಮುಖವಾಗಿ ಚಲಿಸುವವರು ಇತರರಿಗೆ ಅಪಾಯವಾಗದೆಂದು ಮೊದಲು ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ. ನೀವು ನಡಿಗೆಯ ವೇಗದಲ್ಲಿ ಬ್ರೇಕ್ ಒತ್ತುತ್ತ ಬರುತ್ತಿದ್ದಿರಿ ಎಂಬುದರಿಂದ ಅವರ ಆ ಕರ್ತವ್ಯ ಇಲ್ಲವಾಗುವುದಿಲ್ಲ. ಹೊಣೆ ಇಬ್ಬರ ನಡುವೆ ಹಂಚಿಹೋಗಬಹುದು, ಅದನ್ನು ವಿಮಾ ಕಂಪನಿಗಳು ನೋಡಿಕೊಳ್ಳಲಿ.

ಪ್ರಶ್ನೆ ಕೇಳಿದವರಿಂದ (ನೀಲಿ ಕಾರಿನವನು)

ಹೆಚ್ಚುವರಿ ಹೇಳಿಕೆ ಕೊಟ್ಟುಬಂದೆ. ಅಧಿಕಾರಿ ಫೋಟೊಗಳನ್ನು ಎರಡು ಸಲ ನೋಡಿ, ಬರೆದುಕೊಂಡು, ಓದಿ ಹೇಳಿ ಸಹಿ ಮಾಡಿಸಿಕೊಂಡರು. ಬೈಯಲಿಲ್ಲ. ಸಿಸಿಟಿವಿಯ ತುಣುಕಿಗೆ ತಾವೂ ಪತ್ರ ಬರೆದಿರುವುದಾಗಿ ಹೇಳಿದರು. ಬಿಳಿ ಕಾರಿನವರಿಗೆ ನನ್ನ ವಿವರಗಳನ್ನೆಲ್ಲ ಕಳುಹಿಸಿದ್ದೆ, ನಿನ್ನೆ ಅವರ ವಿಮಾ ವಿವರಗಳೂ ಬಂದವು. ಎರಡು ಕಂಪನಿಗಳ ಸಮೀಕ್ಷಕರು ಗುರುವಾರ ಕಾರುಗಳನ್ನು ನೋಡಲು ಬರುತ್ತಾರೆ, ಅಲ್ಲಿಯವರೆಗೆ ನನ್ನ ಕಾರು ತೊಳೆಯದೆ ಹಾಗೆಯೇ ನಿಂತಿರುತ್ತದೆ.