ಕೈಗಾ ಹತ್ರದ ಶಾಲೆ: ರೇಡಿಯೇಷನ್ ಎಮರ್ಜೆನ್ಸಿ ಆದ್ರೆ ಮಕ್ಕಳನ್ನ ಎಂತ ಮಾಡ್ಬೇಕು?

ಕಾಳಿತೀರದ ಟೀಚರ್:
ಎಲ್ರಿಗೂ ನಮಸ್ಕಾರ. ಕದ್ರಾ ಕಡೆಯ ಪ್ರೈಮರಿ ಶಾಲೇಲಿ ಇದ್ದೇನೆ. ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತ 16 ಕಿಮೀ ಎಮರ್ಜೆನ್ಸಿ ಪ್ಲಾನಿಂಗ್ ಝೋನ್, ನಾವು ಅದ್ರೊಳಗೇ ಬರ್ತೇವೆ. ಡ್ಯಾಮ್ ಗೇಟ್ ತೆಗೆದ್ರೆ ಎಂತ ಮಾಡ್ಬೇಕು ಅಂತ ನಮ್ಮ ಮಕ್ಕಳಿಗೂ ಗೊತ್ತು, ಆದ್ರೆ ರೇಡಿಯೇಷನ್ ಅಂದ್ರೆ ನಮಗೇ ಗೊತ್ತಿಲ್ಲ. ತಕ್ಷಣ ಬೆಲ್ ಹೊಡ್ದು ಮನೆಗೆ ಕಳಿಸ್ಬೇಕಾ? ಅಯೋಡಿನ್ ಮಾತ್ರೆ ಶಾಲೇಲೇ ಇಟ್ಕೊಳ್ಬೇಕಾ?

ನಿವೃತ್ತ ಮಾಸ್ತರು:
ಅಕ್ಕೋರೇ, ಮನೆಗೆ ಮಾತ್ರ ಕಳಿಸ್ಬೇಡಿ. ಒಳಗಿರಿ ಅಂತ ಆದೇಶ ಬಂದ ಹೊತ್ತಲ್ಲಿ ಮಕ್ಕಳು ರಸ್ತೇಲಿ ನಡೀತಾ ಇದ್ರೆ ಗಾಳೀಲಿ ಬರೋದನ್ನೆಲ್ಲ ಉಸಿರಲ್ಲಿ ಎಳ್ಕೊಳ್ತಾರೆ. ನಮ್ಮ ಕಡೆ ಶಾಲೆಗಳು ಹಂಚಿನ ಮಾಡಿನವು, ಸಂದೀಲೆಲ್ಲ ಗಾಳಿ ಆಡ್ತದೆ, ಹಾಗಾಗಿ ಆರ್‌ಸಿಸಿ ಸ್ಲ್ಯಾಬಿನ ಕೋಣೆ ಯಾವುದಿದೆ ಅಂತ ಇವತ್ತೇ ನೋಡಿ ಇಟ್ಕೊಳ್ಳಿ, ಎಲ್ರನ್ನೂ ಅಲ್ಲಿಗೇ ಸೇರಿಸಿ ಕಿಟಕಿ ಬಾಗಿಲು ಹಾಕಿ, ಎಕ್ಸಾಸ್ಟ್ ಫ್ಯಾನ್ ಇದ್ರೆ ಬಂದ್ ಮಾಡಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಹಾಜರಿ ಪುಸ್ತಕ ಕೈಲಿರ್ಲಿ. 1986ರ ಏಪ್ರಿಲ್ 26 ಶನಿವಾರ, ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದ ಪಕ್ಕದ ಪ್ರಿಪ್ಯಾತ್ ಊರಲ್ಲಿ ರಾತ್ರಿಯೇ ರಿಯಾಕ್ಟರ್ ಸ್ಫೋಟ ಆಗಿದ್ರೂ ಬೆಳಿಗ್ಗೆ ಮಕ್ಕಳು ಎಂದಿನ ಹಾಗೆ ಶಾಲೆಗೆ ಹೋಗಿದ್ರು, ಹೊರಗೆ ಆಡ್ತಿದ್ರು, ಊರು ಖಾಲಿ ಮಾಡಿಸಿದ್ದು ಮರುದಿನ ಮಧ್ಯಾಹ್ನ. ಅದನ್ನ ಓದಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗ್ತದೆ ನನಗೆ.

ಪಿಎಚ್‌ಸಿ ನರ್ಸ್:
ಮಾತ್ರೆ ಬಗ್ಗೆ ಹೇಳ್ತೇನೆ. ಅದು ಥೈರಾಯ್ಡ್ ಒಂದನ್ನೇ ಕಾಪಾಡೋದು, ಅದೂ ರೇಡಿಯೋ ಅಯೋಡಿನ್ (ರಿಯಾಕ್ಟರಿಂದ ಹೊರಬೀಳೋ ವಿಕಿರಣಶೀಲ ಅಯೋಡಿನ್)ನಿಂದ ಮಾತ್ರ, ಬೇರೆ ಯಾವ ರೇಡಿಯೇಷನ್‌ಗೂ ಮದ್ದಲ್ಲ. ಮೊದಲೇ ತಗೊಂಡ್ರೆ ಅಥವಾ ಒಂದೆರಡು ಗಂಟೆಯೊಳಗೆ ತಗೊಂಡ್ರೆ ಚೆನ್ನಾಗಿ ಕೆಲಸ ಮಾಡ್ತದೆ, ತಡ ಆದಷ್ಟೂ ಉಪಯೋಗ ಕಮ್ಮಿ. 130 ಮಿಲಿಗ್ರಾಂನದ್ದು ದೊಡ್ಡವರಿಗೆ ಒಂದು, 3ರಿಂದ 12 ವರ್ಷದವರಿಗೆ ಅರ್ಧ. ಆದ್ರೆ ನಿಮ್ಮಷ್ಟಕ್ಕೆ ಕೊಡ್ಬೇಡಿ, ಜಿಲ್ಲಾಡಳಿತ ಹೇಳಿದ್ ಮೇಲೇ. ಮನೆಯ ಟಿಂಚರ್ ಅಯೋಡಿನ್ ಯಾರೂ ಕುಡಿಸ್ಬಾರ್ದು, ಅದು ವಿಷ. ಇನ್ನೊಂದು ಹಾಲು. ಚೆರ್ನೋಬಿಲ್ಲಲ್ಲಿ ಹುಲ್ಲಿಗೆ ಬಿದ್ದ ರೇಡಿಯೋ ಅಯೋಡಿನ್ ಹಸುವಿಗೆ, ಹಸುವಿನ ಹಾಲಿಂದ ಮಕ್ಕಳಿಗೆ ಹೋಯ್ತು, ಆಮೇಲೆ ಎಷ್ಟೋ ಮಕ್ಕಳಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು. ಹಾಗಾಗಿ ಊರ ಹಾಲು, ತೋಟದ ಸೊಪ್ಪು, ತೆರೆದ ಬಾವಿ ನೀರು ಬೇಡ. ಮೊದಲೇ ಒಳಗಿಟ್ಟ ಕ್ಷೀರಭಾಗ್ಯದ ಹಾಲಿನ ಪುಡಿ ಪ್ಯಾಕೆಟ್, ಮುಚ್ಚಿಟ್ಟ ನೀರು ಆಗ್ತದೆ.

ಮಲ್ಲಾಪುರದ ಅಪ್ಪ:
ಪೋಷಕನಾಗಿ ಹೇಳೋದಾದ್ರೆ ಸುದ್ದಿ ಕೇಳಿದ್ ಕೂಡ್ಲೇ ನಾನಂತೂ ಬೈಕ್ ತಗೊಂಡು ಓಡಿ ಬರ್ತಿದ್ದೆ, ಎಲ್ರೂ ಹಾಗೇ ಬರ್ತಾರೆ, ಘಟ್ಟದ ರಸ್ತೆ ಜಾಮ್ ಆದ್ರೆ ತೆರವು ಮಾಡೋ ಬಸ್ಸೇ ನಿಂತು ಹೋಗ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಇದನ್ನ ಮೊದ್ಲೇ ಮಾತಾಡಿ, ಮಕ್ಕಳನ್ನ ಯಾವ ಊರಿಗೆ ಕರ್ಕೊಂಡು ಹೋಗ್ತಾರೆ ಅಂತ ತಹಶೀಲ್ದಾರರ ಹತ್ರ ಕೇಳಿ ನಮಗೆ ತಿಳಿಸಿ. ಅದು ಗೊತ್ತಿದ್ರೆ ನಾವೂ ಸೀದಾ ಅಲ್ಲಿಗೇ ಹೋಗ್ತೇವೆ.

ಕಾಳಿತೀರದ ಟೀಚರ್:
ತುಂಬಾ ಥ್ಯಾಂಕ್ಸ್. ಆರ್‌ಸಿಸಿ ಕೋಣೆ ಒಂದಿದೆ, ಈಗ ಅದ್ರಲ್ಲಿ ಹಳೇ ಬೆಂಚು ತುಂಬಿದೆ, ಖಾಲಿ ಮಾಡಿಸ್ತೇನೆ. ಪಕ್ಕದ ಅಂಗನವಾಡಿ ಶೀಟಿನ ಮಾಡಿಂದು, ಆ ಪುಟ್ಟ ಮಕ್ಕಳನ್ನೂ ನಮ್ಮಲ್ಲಿಗೇ ಕರ್ಕೊಳ್ಬಹುದಾ?

ನಿವೃತ್ತ ಮಾಸ್ತರು:
ಕರ್ಕೊಳ್ಳಲೇಬೇಕು. ಅವರ ಹೆಸರೂ, ಮನೆಯವರ ಫೋನ್ ನಂಬರೂ ನಿಮ್ಮ ಪುಸ್ತಕದಲ್ಲಿ ಬರ್ದಿಡಿ. ಎರಡು ವರ್ಷಕ್ಕೊಮ್ಮೆ ಜಿಲ್ಲಾಡಳಿತದ ಅಣಕು ಕಾರ್ಯಾಚರಣೆ ಇರ್ತದೆ, ಮುಂದಿನ ಸಲ ನಮ್ಮ ಶಾಲೇನೂ ಸೇರಿಸಿ ಅಂತ ಜಿಲ್ಲಾಧಿಕಾರಿಗೆ ಪತ್ರ ಹಾಕಿ, ಸಹಿ ಮಾಡೋಕೆ ನಾನೂ ಬರ್ತೇನೆ.