ಸಹಾಯ ಬೇಕು: ಹಾವಸೆ ಮಾದರಿಗಳ ಸಂರಕ್ಷಣೆ ಮತ್ತು ಡಿಜಿಟಲೀಕರಣ

ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯವೊಂದರ ಹರ್ಬೇರಿಯಂನಲ್ಲಿ (ಒಣಗಿಸಿದ ಸಸ್ಯಮಾದರಿಗಳ ಸಂಗ್ರಹಾಲಯದಲ್ಲಿ) ಹಾವಸೆ ಸಸ್ಯಗಳ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದೇನೆ. ಹೂಬಿಡುವ ಗಿಡಗಳಂತೆ ಇವನ್ನು ಸಾಮಾನ್ಯವಾಗಿ ಹಾಳೆಗೆ ಅಂಟಿಸುವುದಿಲ್ಲ. ಒಣಗಿಸಿ, ಮಡಿಸಿದ ಕಾಗದದ ಪೊಟ್ಟಣಗಳಲ್ಲಿ ಇಡುತ್ತಾರೆ. ನಮ್ಮಲ್ಲಿರುವ ಹಳೆಯ ಪೊಟ್ಟಣಗಳ ಕಾಗದವು ಆಮ್ಲೀಯವಾದ್ದರಿಂದ ಕಂದುಬಣ್ಣಕ್ಕೆ ತಿರುಗಿದ್ದು, ಬಿಚ್ಚಿದರೆ ಮಡಿಕೆಯಲ್ಲೇ ಮುರಿಯುತ್ತಿದೆ. ನಿನ್ನೆ ತೆರೆದ ಒಂದರಲ್ಲಿ, ಗಿಡದಿಂದ ಕಳಚಿದ ಬೀಜಕಕೋಶಗಳು (ಸಂತಾನೋತ್ಪತ್ತಿಯ ಸೂಕ್ಷ್ಮ ಕಣಗಳಾದ ಬೀಜಕಗಳಿರುವ ಪುಟ್ಟ ಚೀಲಗಳು) ಮೂಲೆಯ ಮಣ್ಣಿನ ಪುಡಿಯೊಳಗೆ ಸೇರಿಕೊಂಡಿದ್ದವು. ಆ ಕೋಶಗಳ ಬಾಯಂಚಿನ ಹಲ್ಲುಗಳನ್ನು ನೋಡದೆ ಎಷ್ಟೋ ಪ್ರಭೇದಗಳನ್ನು ಖಚಿತವಾಗಿ ಗುರುತಿಸಲಾಗದು ಎಂಬುದನ್ನು ಬಲ್ಲವರಿಗೆ ನನ್ನ ಆತಂಕ ಅರ್ಥವಾಗುತ್ತದೆ.

ಆಮ್ಲರಹಿತ ಕಾಗದಕ್ಕೆ ಬದಲಾಯಿಸುವಾಗ ಹಳೆಯ ಪೊಟ್ಟಣವನ್ನೂ ಜೊತೆಗಿಡಬೇಕೇ, ಅಥವಾ ಕೈಬರಹದ ಚೀಟಿಯನ್ನಷ್ಟೇ ಕತ್ತರಿಸಿ ಉಳಿಸಿಕೊಂಡರೆ ಸಾಕೇ? ಹಲವು ಪೊಟ್ಟಣಗಳ ಹಿಂಬದಿಯಲ್ಲಿ ಪೆನ್ಸಿಲ್ ಟಿಪ್ಪಣಿಗಳಿರುವುದರಿಂದ ಕತ್ತರಿಸಲು ನನಗೆ ಮನಸ್ಸಿಲ್ಲ.

ಡಿಜಿಟಲೀಕರಣದಲ್ಲಿ ತೊಡಕು ಇನ್ನೂ ಹೆಚ್ಚು. ಚೀಟಿ, ಬಣ್ಣದ ಪಟ್ಟಿ, ಅಳತೆಪಟ್ಟಿ ಮತ್ತು ಬಾರ್‌ಕೋಡ್ ಒಂದೇ ಚಿತ್ರದಲ್ಲಿ ಬರುತ್ತವೆ. ಆದರೆ ಎಲೆಯ ಜೀವಕೋಶಗಳು ಕಾಣಬೇಕಾದರೆ ಎಲೆಯನ್ನು ನೀರಿನಲ್ಲಿ ನೆನೆಸಿ, ಸೂಕ್ಷ್ಮದರ್ಶಕದಡಿ ಬೇರೆ ಬೇರೆ ಆಳಗಳಲ್ಲಿ ತೆಗೆದ ಚಿತ್ರಗಳನ್ನು ಒಂದಾಗಿ ಜೋಡಿಸಬೇಕಾಗುತ್ತದೆ. ಪ್ರತಿ ಮಾದರಿಗೂ ಇಷ್ಟು ಮಾಡುವುದು ನಮ್ಮಿಬ್ಬರ ಕೈಯಲ್ಲಿ ಆಗದ ಕೆಲಸ. ಹೆಸರಿಗೆ ಆಧಾರವಾದ ಮೂಲಮಾದರಿಗಳಿಂದಲೇ ಆರಂಭಿಸುವುದು ಸರಿಯೆಂದು ನನಗನ್ನಿಸುತ್ತದೆ.

ಇನ್ನೊಂದು ಪ್ರಶ್ನೆ: ಒಂದೇ ಪೊಟ್ಟಣದಲ್ಲಿ ಎರಡು ಮೂರು ಪ್ರಭೇದಗಳು ಹೆಣೆದುಕೊಂಡಿರುವಾಗ ಜೀವಿಮಾದರಿಗಳ ಮಾಹಿತಿಯನ್ನು ಏಕರೂಪವಾಗಿ ದಾಖಲಿಸಲು ಬಳಸುವ ಡಾರ್ವಿನ್ ಕೋರ್ ಮಾನಕದಂತೆ ದಾಖಲೆಯನ್ನು ಹೇಗೆ ಬರೆಯುತ್ತೀರಿ? ಪ್ರತಿಯೊಂದಕ್ಕೂ ಪ್ರತ್ಯೇಕ ಬಾರ್‌ಕೋಡ್ ಕೊಡುತ್ತೀರಾ? ಈ ಕೆಲಸವನ್ನು ಸ್ವತಃ ಮಾಡಿದವರು ದಯವಿಟ್ಟು ತಮ್ಮ ಕ್ರಮವನ್ನು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.