ಮಂಡಕ್ಕಿ, ಮಿರ್ಚಿ, ಮತ್ತೆ 300

ಸ್ಥಳ ದಾವಣಗೆರೆ, ಹೊತ್ತು ಸಂಜೆ ಆರೂವರೆ. ಗಾಡಿ ಪಕ್ಕದ ಕಲ್ಲುಬೆಂಚಿನ ಮೇಲೆ ನಾಲ್ಕು ಪೊಟ್ಟಣ, ನಾಲ್ಕು ಬಾಯಿ. ಸೊಸೈಟಿಯಣ್ಣ ನ್ಯಾಯಬೆಲೆ ಅಂಗಡಿ ನಡೆಸೋನು. ಆಪರೇಟರ್ ತಮ್ಮ ಗ್ರಾಮ ಒನ್ ಕೇಂದ್ರದ ಹುಡುಗ, ಅಂದ್ರೆ ಊರಲ್ಲೇ ಸರ್ಕಾರಿ ಅರ್ಜಿ ಕೆಲಸ ಮಾಡಿಕೊಡೋ ಜಾಗದವನು. ಶಿರಸ್ತೇದಾರ್ರು ಆಹಾರ ಇಲಾಖೆಯಿಂದ ನಿವೃತ್ತರಾಗಿದ್ದಾರೆ, ಇಲಾಖೆ ಮಾತ್ರ ಇನ್ನೂ ಅವರ ಬಾಯಿಂದ ನಿವೃತ್ತಿ ಆಗಿಲ್ಲ. ಇನ್ನು ಭಟ್ಟಿ ಚಾಚಾ, ಮಂಡಕ್ಕಿ ಭಟ್ಟಿಯವ್ರು. ಮಾತು ಎಲ್ಲಿಂದ ಶುರುವಾದ್ರೂ ಅಕ್ಕಿಗೇ ಬಂದು ನಿಲ್ಲೋದು. ತಿಂತಿರೋದೂ ಅಕ್ಕೀನೇ ತಾನೆ, ಉಬ್ಬಿರೋದು ಅಷ್ಟೆ.

ಚಾಚಾ: ಹಿಂದೆ ಹೆಬ್ಬೆಟ್ಟು ಅಂದ್ರೆ ಬೈಗಳು. ಈಗ ಎಂಎ ಮಾಡಿದೋನೂ ಸೊಸೈಟಿಗೆ ಬಂದು ಹೆಬ್ಬೆಟ್ಟೇ!

ಶಿರಸ್ತೇದಾರ್ರು: ಆಗ ಒತ್ತಿದ್ರೆ ಮುಗೀತಿತ್ತು ಚಾಚಾ. ಈಗ ಒತ್ತಿದ್ದನ್ನ ಒಪ್ಪಬೇಕು.

ಸೊಸೈಟಿಯಣ್ಣ: ಒಪ್ಪಲಿಲ್ಲ ಅಂದ್ರೆ ನಾನೇನ್ ಮಾಡ್ಲಿ? ‘ಸರ್ವರ್ ಇಲ್ಲ, ನಾಳೆ ಬಾ’ ಅಂತೀನಿ.

ಆಪರೇಟರ್: ಅಲ್ಲೇ ಎಡವಿದ್ದು ನೋಡಣ್ಣ. ‘ಸರ್ವರ್ ಇಲ್ಲ’ ಅನ್ನೋದು ‘ಮೈಗೆ ಹುಷಾರಿಲ್ಲ’ ಅಂದಂಗೆ. ಜ್ವರನೋ, ಭೇದಿನೋ, ಮದುವೆಮನೆ ಹೋಳಿಗೆ ಜಾಸ್ತಿಯಾಗಿದ್ದೋ? ಬೆರಳು ಇಡೋ ಮೆಷಿನ್ ಪರದೆ ಮೇಲೆ ಒಂದು ನಂಬರ್ ಬರ್ತದಲ್ಲ, ಅದನ್ನ ಓದು. 300 ಬಂತು ಅಂದ್ರೆ ಸರ್ವರ್ ಗಟ್ಟಿಮುಟ್ಟಾಗಿದೆ, ಉತ್ತರಾನೂ ಕೊಟ್ಟಿದೆ, ಬೆರಳು ಮಾತ್ರ ತಾಳೆ ಆಗಿಲ್ಲ. 330 ಬಂತು ಅಂದ್ರೆ ಯಾರೋ ಆಧಾರ್‌ನ ಬಯೋಮೆಟ್ರಿಕ್‌ಗೆ ಬೀಗ ಹಾಕಿದಾರೆ. 811 ಅಂದ್ರೆ ಆ ಆಧಾರ್‌ನಲ್ಲಿ ಬೆರಳಚ್ಚೇ ಇಲ್ಲ. ಮೂರಕ್ಕೂ ನೀನು ‘ನಾಳೆ ಬಾ’ ಅಂದ್ರೆ ನಾಳೆನೂ ಅದೇ ನಂಬರ್ರೇ.

ಚಾಚಾ: ಬೀಗ ಹಾಕೋನು ಯಾವನಪ್ಪ?

ಆಪರೇಟರ್: ಹೆಚ್ಚಾಗಿ ಮನೇಲಿರೋ ಕಾಲೇಜು ಹುಡುಗನೇ. ಬೆರಳಚ್ಚು ಕದ್ದು ಬ್ಯಾಂಕಿಂದ ದುಡ್ಡು ಎಗರಿಸ್ತಾರೆ ಅಂತ ಸುದ್ದಿ ನೋಡಿ, ಅಮ್ಮನ ಆಧಾರ್‌ಗೂ ಬೀಗ ಹಾಕಿ ಬೆಂಗಳೂರಿಗೆ ಹೋಗಿರ್ತಾನೆ. ಬೀಗ ಹಾಕಿದ್ದು ತಪ್ಪಲ್ಲ, ಹೇಳದೆ ಹೋಗಿದ್ದು ತಪ್ಪು. ಎಂ-ಆಧಾರ್ ಆ್ಯಪ್‌ನಲ್ಲಿ ತಾತ್ಕಾಲಿಕವಾಗಿ ತೆಗೀಬಹುದು. ಆದ್ರೆ 10 ನಿಮಿಷಕ್ಕೆ ತಾನೇ ಮತ್ತೆ ಬಿದ್ದುಬಿಡ್ತದೆ.

ಸೊಸೈಟಿಯಣ್ಣ: ಅಂದ್ರೆ ಕ್ಯೂನಲ್ಲಿ ಇಪ್ಪತ್ತನೇ ಮನುಷ್ಯ ಆಗಿ ನಿಂತು ತೆಗೆದ್ರೆ...

ಆಪರೇಟರ್: ನಿನ್ನ ಮುಂದೆ ಬರೋಷ್ಟರಲ್ಲಿ ಬಾಗಿಲು ಬಂದ್. ಕ್ಯೂನಲ್ಲಿ ಅವನಿಗಿಂತ ಮುಂದಿರೋನು ಮೆಷಿನ್ ಹತ್ರ ನಿಂತಾಗ ತೆಗೀಬೇಕು.

ಶಿರಸ್ತೇದಾರ್ರು: 811 ಮಕ್ಕಳದ್ದೇ ಜಾಸ್ತಿ. 5 ವರ್ಷದೊಳಗಿನ ಮಗುವಿಗೆ ಆಧಾರ್ ಮಾಡುವಾಗ ಬೆರಳಚ್ಚು ತಗೊಳ್ಳೋದೇ ಇಲ್ಲ. 5 ತುಂಬಿದ ಮೇಲೆ ಒಂದ್ಸಲ, 15ಕ್ಕೆ ಇನ್ನೊಂದ್ಸಲ ಕೊಡಬೇಕು. 5ರಿಂದ 7, 15ರಿಂದ 17ರ ಒಳಗೆ ಹೋದ್ರೆ ಪುಕ್ಕಟೆ. ಜನ ಹೋಗಲ್ಲ. ಇ-ಕೆವೈಸಿ ದಿನ, ಅಂದ್ರೆ ಕಾರ್ಡಲ್ಲಿರೋನು ನಾನೇ ಅಂತ ಆಧಾರ್ ಮೂಲಕ ತೋರಿಸೋ ದಿನ, ಸ್ಕೂಲಿಂದ ಹುಡುಗನ್ನ ಎಳ್ಕೊಂಡು ಬಂದು, ಬೆರಳು ಇಟ್ಟು, ಮೆಷಿನ್‌ಗೆ ಬೈದು ಹೋಗ್ತಾರೆ.

ಚಾಚಾ ಪೊಟ್ಟಣ ಕೆಳಗಿಟ್ಟು ಎರಡೂ ಅಂಗೈ ಬೀದಿದೀಪಕ್ಕೆ ಹಿಡಿದರು. ಹೆಬ್ಬೆರಳ ತುದಿ ಹೊಳೀತಿತ್ತು, ಉಜ್ಜಿ ಉಜ್ಜಿ ಸವೆದ ನಾಲ್ಕಾಣೆ ಹಂಗೆ. ತೋರುಬೆರಳಲ್ಲಿ ಗೆರೆಗಿಂತ ಬಿರುಕೇ ಜಾಸ್ತಿ.

ಚಾಚಾ: ಇದಕ್ಕೆ ಯಾವ ನಂಬರು?

ಆಪರೇಟರ್: ಇದು ಶುದ್ಧ 300. ಕಾದ ಮರಳು, ಉಪ್ಪು, ಬಿಸಿ, ಇವಿಷ್ಟೂ ಸೇರಿ ಗೆರೆ ತಿಂದಾವೆ. ಗಾರೆ ಕೆಲಸದವ್ರಿಗೆ ಸಿಮೆಂಟಿನ ಸುಣ್ಣ ತಿಂತದೆ, ಪಾತ್ರೆ ತೊಳೆಯೋರಿಗೆ ಸೋಪಿನ ಪುಡಿ. ವಯಸ್ಸಾದವ್ರಿಗೆ ಚರ್ಮ ಒಣಗಿ ಗೆರೆ ಏಳೋದೇ ಇಲ್ಲ. ಆದ್ರೆ ಚಾಚಾ, ಆಧಾರ್‌ಗೆ ಹತ್ತೂ ಬೆರಳು ಕೊಟ್ಟಿದೀರಿ. ಹೆಬ್ಬೆಟ್ಟೇ ಆಗ್ಬೇಕು ಅಂತ ಯಾವ ಶಾಸ್ತ್ರ? ಕೆಲಸ ಕಮ್ಮಿ ಮಾಡಿದ ಬೆರಳು ಯಾವುದು ಹೇಳಿ?

ಚಾಚಾ: ಉಂಗುರದ ಬೆರಳು. ಅದು ಹುಟ್ಟಿದಾಗಿಂದ ಸೋಮಾರಿ.

ಆಪರೇಟರ್: ಅದೇ ನಿಮ್ಮ ರೇಷನ್ ಕಾರ್ಡು! ಎಡಗೈದಾದ್ರೆ ಇನ್ನೂ ವಾಸಿ. ಕೈ ತೊಳೆದು, ಪೂರ್ತಿ ಒರೆಸಿ, ತೀರಾ ಒಣಗಿದ್ರೆ ಬೆರಳಿಗೆ ‘ಹಾ’ ಅಂತ ಒಂದು ಉಸಿರು. ತುದಿ ಚುಚ್ಚಬಾರದು, ಸುಳಿ ಇರೋ ಮಧ್ಯಭಾಗ ಗಾಜಿನ ಮೇಲೆ ಕೂರಬೇಕು. ಜನ ಗಂಟೆ ಗುಂಡಿ ಒತ್ತಿದಂಗೆ ಒತ್ತುತಾರೆ. ಒತ್ತಿದಷ್ಟೂ ಗೆರೆ ಚಪ್ಪಟೆ ಆಗ್ತವೆ.

ಶಿರಸ್ತೇದಾರ್ರು: ಗಾಜು ಯಾರು ಒರೆಸ್ತಾರೆ, ಅದನ್ನೂ ಕೇಳು.

ಸೊಸೈಟಿಯಣ್ಣ: ಒರೆಸ್ತೀನ್ರಿ...

ಶಿರಸ್ತೇದಾರ್ರು: ಯಾವುದರಲ್ಲಿ? ಚೀಲ ಕಟ್ಟೋ ಗೋಣಿಲೋ? ಮೆತ್ತನೆ ಹತ್ತಿ ಬಟ್ಟೆ ಬೇಕು. ಬೆಳಿಗ್ಗೆಯಿಂದ ನೂರು ಜನರ ಬೆವರು ಕೂತಿರುತ್ತೆ. ನೂರೊಂದನೆಯವನು ಮಿರ್ಚಿ ತಿಂದು ಬಂದಿರ್ತಾನೆ.

ಎಲ್ಲರೂ ಒಂದು ಗಳಿಗೆ ತಮ್ಮ ತಮ್ಮ ಬೆರಳು ನೋಡಿಕೊಂಡು, ಮಂಡಕ್ಕಿ ಪೇಪರಿಗೆ ಒರೆಸಿಕೊಂಡರು.

ಚಾಚಾ: ಹತ್ತೂ ಬೆರಳು ಕೈಕೊಟ್ರೆ?

ಆಪರೇಟರ್: ಕಣ್ಣಿನ ಪಾಪೆ ನೋಡೋ ಯಂತ್ರ ಇದ್ರೆ ಅದು. ಇಲ್ಲಾಂದ್ರೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ. ಇಲ್ಲಿ ಇನ್ನೊಂದು ಎಡವಟ್ಟು. ಫ್ರೀ ಡೇಟಾ ಆಸೆಗೆ ಸಿಮ್ ಬದಲಾಯಿಸಿರ್ತಾರೆ, ಓಟಿಪಿ ಹಳೇ ನಂಬರ್ ಹುಡುಕ್ಕೊಂಡು ಹೋಗಿರ್ತದೆ. ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಬದಲಾಯಿಸೋಕೆ ಯಾವ ದಾಖಲೆನೂ ಬೇಡ, ಮನುಷ್ಯ ಹೋದ್ರೆ ಸಾಕು. ಹೋದಾಗಲೇ ಬೆರಳು, ಕಣ್ಣು ಎರಡೂ ಹೊಸದಾಗಿ ಕೊಟ್ಟು ಬರಬೇಕು. ‘ಮೇರಾ ಇ-ಕೆವೈಸಿ’ ಅಂತ ಆ್ಯಪ್ ಇದೆ, ಮುಖ ತೋರಿಸಿದ್ರೆ ಸಾಕು. ಮೊದ್ಲು ಅದರ ರಾಜ್ಯಗಳ ಪಟ್ಟಿ ನೋಡಿ, ಕರ್ನಾಟಕ ಇದ್ರೆ ಮುಂದುವರೀಬೇಕು. ಬೆಳಕು ಮುಖದ ಮೇಲೆ ಬೀಳಬೇಕು, ಕಣ್ಣು ಮಿಟುಕಿಸು ಅಂದಾಗ ಮಿಟುಕಿಸ್ಬೇಕು.

ಚಾಚಾ: ಈ ವಯಸ್ಸಲ್ಲಿ ಅಕ್ಕಿಗೋಸ್ಕರ ಕಣ್ಣು ಹೊಡೀಬೇಕಾ!

ಶಿರಸ್ತೇದಾರ್ರು: ಇದ್ಯಾವುದೂ ಆಗ್ಲಿಲ್ಲ ಅಂದ್ರೂ ಬರಿಗೈಲಿ ಕಳಿಸಂಗಿಲ್ಲ. 2017ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆಲ್ಲ ಬರೆದಿದೆ. ನೆಟ್‌ವರ್ಕ್ ಹೋದ್ರೂ, ಬೆರಳು ಸೋತ್ರೂ, ಕಾರ್ಡು ಮತ್ತೆ ಆಧಾರ್ ನೋಡಿ, ಪುಸ್ತಕದಲ್ಲಿ ಬರ್ಕೊಂಡು ಧಾನ್ಯ ಕೊಡಿ ಅಂತ. ಏನಪ್ಪಾ ಸೊಸೈಟಿ, ಆ ಪುಸ್ತಕ ಎಲ್ಲಿದೆ?

ಸೊಸೈಟಿಯಣ್ಣ: (ಮಿರ್ಚಿಯ ತೊಟ್ಟು ನೋಡ್ತಾ) ಇರ್ಬೇಕು... ತೂಕದ ಯಂತ್ರದ ಕೆಳಗೆ.

ಶಿರಸ್ತೇದಾರ್ರು: ಓ, ಅದಕ್ಕೆ ಹೇಳಿ ತೂಕ ಸಮ ಬರ್ತಿರೋದು!

ಆಪರೇಟರ್: ತೂಕ ಅಂದಾಗ ನೆನಪಾಯ್ತು. ಮೆಷಿನ್ ಕೊಡೋ ಚೀಟಿ ಓದ್ಕೊಳ್ದೆ ಜೇಬಿಗೆ ತುರುಕೋರೇ ಎಲ್ಲ. ಆದ್ಯತಾ ಕಾರ್ಡಿಗೆ, ಅದೇ ಬಿಪಿಎಲ್‌ಗೆ, ಕೇಂದ್ರದ ಪಾಲು ತಲೆಗೆ 5 ಕೆಜಿ, ಅಂತ್ಯೋದಯಕ್ಕೆ ಮನೆಗೆ 35 ಕೆಜಿ, ತಲೆ ಎಷ್ಟೇ ಇರ್ಲಿ. ರಾಜ್ಯದ ಪಾಲು ಬಣ್ಣ ಬದಲಾಯಿಸ್ತಿರುತ್ತೆ. 2023ರ ಜುಲೈಯಿಂದ ಅಕ್ಕಿ ಬದಲು ಕೆಜಿಗೆ 34 ರೂಪಾಯಿ, ತಲೆಗೆ 170. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿ. ಅದಕ್ಕೇ ಈ ತಿಂಗಳು ಏನು ಅನ್ನೋದನ್ನ ಪಕ್ಕದ ಮನೆಯವ್ರ ಬಾಯಿಂದ ಅಲ್ಲ, ಚೀಟಿಯಿಂದ ತಿಳ್ಕೋಬೇಕು. ಚೀಟಿಗೂ ಚೀಲಕ್ಕೂ ತಾಳೆ ಆಗ್ಲಿಲ್ಲ ಅಂದ್ರೆ 1967ಕ್ಕೆ ಫೋನ್.

ಚಾಚಾ: ನಮ್ಮ ಭಟ್ಟಿ ಹುಡುಗ್ರು ಗೋವಾ ಕಡೆ ಗಾರೆ ಕೆಲಸಕ್ಕೆ ಹೋಗ್ತಾರಲ್ಲ, ಅವ್ರ ಪಾಲು?

ಆಪರೇಟರ್: ಒಂದು ದೇಶ ಒಂದು ಕಾರ್ಡು ಇದೆ. ಆಧಾರ್ ಜೋಡಿಸಿದ ಕಾರ್ಡಿನ ನಂಬರ್ ಹೇಳಿ ಅಲ್ಲಿ ಬೆರಳು ಕೊಟ್ರೆ ಅವನ ಪಾಲು ಅಲ್ಲಿ, ಉಳಿದವ್ರದ್ದು ಇಲ್ಲಿ. ಆದ್ರೆ ಹೊರರಾಜ್ಯದಲ್ಲಿ ಸಿಗೋದು ಕೇಂದ್ರದ ಪಾಲು ಮಾತ್ರ. ಅನ್ನಭಾಗ್ಯದ ಹೆಚ್ಚುವರಿ ಗಡಿ ದಾಟಲ್ಲ. ಇನ್ನೊಂದು, ಅವನು ಅಲ್ಲಿ ಮನೆಯವರದ್ದೆಲ್ಲ ಎತ್ತಿಬಿಟ್ರೆ ಇಲ್ಲಿ ಅವರಮ್ಮ ಬಂದಾಗ ಮೆಷಿನ್ ಸೊನ್ನೆ ತೋರಿಸ್ತದೆ. ಬೈಗಳು ಸೊಸೈಟಿಯಣ್ಣನಿಗೆ.

ಸೊಸೈಟಿಯಣ್ಣ: ಇದನ್ನ ಮಾತ್ರ ದೊಡ್ಡದಾಗಿ ಬರೆದು ಅಂಗಡಿ ಮುಂದೆ ಹಾಕ್ರೋ.

ಚಾಚಾ: ಮತ್ತೆ ಕಾರ್ಡಿಗೆ ಸೊಸೆ ಹೆಸರು ಸೇರಿಸೋದು?

ಆಪರೇಟರ್: ಅದೊಂದು ಕೇಳ್ಬೇಡಿ. 2020ರಲ್ಲಿ ಗ್ರಾಮ ಒನ್ ಪ್ರಯೋಗಕ್ಕೆ ಮೊದಲು ಆರಿಸಿದ್ದೇ ನಮ್ಮ ದಾವಣಗೆರೆ ಜಿಲ್ಲೆ, ಆ ಜಂಬ ನಮಗಿದೆ. ಆದ್ರೆ ತಿದ್ದುಪಡಿ ಬಾಗಿಲು ತೆಗೆಯೋದು ಇಲಾಖೆ ಹೇಳಿದ ದಿನ, ಅದೂ ಗಂಟೆ ಲೆಕ್ಕದಲ್ಲಿ. ದುಗ್ಗಮ್ಮನ ಜಾತ್ರೆನಾದ್ರೂ ಎರಡು ವರ್ಷಕ್ಕೊಮ್ಮೆ ಖಾತ್ರಿ! ಸೊಸೆ ಹೆಸರು ತವರಿನ ಕಾರ್ಡಲ್ಲಿ ತೆಗೆಸಿ, ಆಧಾರ್‌ನಲ್ಲಿ ವಿಳಾಸ ಸರಿ ಮಾಡಿಸಿ ಇಟ್ಕೊಂಡಿರ್ಬೇಕು. ಬಾಗಿಲು ತೆಗೆದ ದಿನ ಅದಕ್ಕೆಲ್ಲ ಓಡಾಡಿದ್ರೆ ಅಷ್ಟರಲ್ಲಿ ಮುಚ್ಚಿರ್ತದೆ.

ಗಾಡಿಯವನು ಎಣ್ಣೆ ಒಲೆ ಸಣ್ಣಗೆ ಮಾಡಿದ. ಚಾಚಾ ಎಡಗೈ ಉಂಗುರ ಬೆರಳನ್ನ ಮತ್ತೊಮ್ಮೆ ಬೆಳಕಿಗೆ ಹಿಡಿದರು. ಗೆರೆ ಇದ್ದವು, ಹೊಸದಾಗಿ ಉತ್ತ ಹೊಲದ ಸಾಲಿನಂಗೆ.

ಚಾಚಾ: ಆಯ್ತು. ಬೆಳಿಗ್ಗೆ ಎದ್ದವನೇ ಕೈ ತೊಳೆದು, ಮಿರ್ಚಿ ಮುಟ್ಟದೆ, ಈ ಸೋಮಾರೀನ ಕರ್ಕೊಂಡು ನಿನ್ನ ಅಂಗಡಿಗೇ ಬರ್ತೀನಿ.

ಸೊಸೈಟಿಯಣ್ಣ: ಬರ್ಬೇಡಿ ಚಾಚಾ.

ಚಾಚಾ: ಯಾಕೆ, ಸರ್ವರ್ ಇಲ್ವಾ?

ಸೊಸೈಟಿಯಣ್ಣ: ಸರ್ವರ್ ಇರ್ತದೆ. ನಾನೇ ಇರಲ್ಲ. ನಾಳೆ ಮಂಗಳವಾರ, ಅಂಗಡಿ ರಜೆ.